ಡೊಂಕು ನೆಲದ್ದಲ್ಲ, ಚಕ್ರದ್ದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಗಾದೆ ಕಟ್ಟಿದವರು ಆ ಅಪವಾದವನ್ನೂ ಹೆಂಗಸಿನ ತಲೆಗೇ ಕಟ್ಟಿದರು. ಇರಲಿ. ಆದರೆ ಇವತ್ತು ನಮ್ಮ ಊರುಗಳ ಗ್ಯಾರೇಜಿನ ಮುಂದೆ ಹತ್ತು ನಿಮಿಷ ನಿಂತು ನೋಡಿ, ಗಾದೆ ತಿರುಗಿಬಿದ್ದಿರುವುದು ಕಾಣುತ್ತದೆ. ಹಳೆಯ ಕಾರು ನಡುಗುತ್ತದೆ ಎಂದು ಹೇಳಿಕೊಂಡು ಒಬ್ಬ ಹೆಂಗಸು ಹೋದರೆ ಅಲ್ಲಿಂದ ಬರುವ ಉತ್ತರ ಮೂರೇ. ರಸ್ತೆ ಸರಿ ಇಲ್ಲ ಮೇಡಂ. ಗಾಡಿ ಹಳೇದಾಯ್ತು ಮೇಡಂ. ನೀವು ಓಡಿಸೋ ರೀತಿ ಹಾಗಿದೆ ಮೇಡಂ. ನೆಲ ಡೊಂಕು, ಗಾಡಿ ಡೊಂಕು, ಓಡಿಸುವವಳು ಡೊಂಕು. ನಿಜವಾಗಿ ಡೊಂಕಾಗಿರುವ ಚಕ್ರವೊಂದನ್ನು ಬಿಟ್ಟು ಜಗತ್ತಿನಲ್ಲಿ ಮಿಕ್ಕೆಲ್ಲವೂ ಡೊಂಕು!

ಚಕ್ರದ ವಿಷಯ ಹೆಂಗಸರಿಗೇಕೆ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ತಿರುಗುವ ವಸ್ತುಗಳ ಜೊತೆ ಈ ನಾಡಿನ ಹೆಂಗಸರಷ್ಟು ಬಾಳುವೆ ಮಾಡಿದವರು ಬೇರೆ ಯಾರೂ ಇಲ್ಲ. ಬೀಸುವ ಕಲ್ಲಿನ ಗೂಟ ಸಡಿಲವಾದರೆ ಹಿಟ್ಟು ತರಿಯಾಗುತ್ತದೆ ಎಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಒಗೆಯುವ ಯಂತ್ರದಲ್ಲಿ ಜಮಖಾನ ಒಂದೇ ಕಡೆ ಮುದ್ದೆಯಾಗಿ ಕೂತರೆ, ಹಿಂಡುವ ಹೊತ್ತಿಗೆ ಆ ಯಂತ್ರ ಥಡಥಡ ಕುಣಿಯುತ್ತಾ ಗೋಡೆಯ ತನಕ ನಡೆದುಹೋಗುವುದನ್ನು ನಾವು ನೋಡಿದ್ದೇವೆ. ಆಗ ನಾವು ನೆಲವನ್ನು ಬೈಯುವುದಿಲ್ಲ. ಮುಚ್ಚಳ ತೆಗೆದು ಜಮಖಾನ ಬಿಡಿಸಿ ಹರಡುತ್ತೇವೆ. ಫ್ಯಾನು ತೂಗಾಡಿದರೆ ರೆಕ್ಕೆ ಬಾಗಿದೆಯೇ ಎಂದು ಮೊದಲು ನೋಡುತ್ತೇವೆ. ಇಷ್ಟು ವಿವೇಕ ಇದ್ದವರಿಗೆ ಕಾರಿನ ಚಕ್ರ ಅರ್ಥವಾಗುವುದಿಲ್ಲ ಎಂದು ತೀರ್ಮಾನಿಸಿದವರು ಯಾರು? ಆ ತೀರ್ಮಾನದಿಂದ ಲಾಭ ಯಾರಿಗೆ? ಅದನ್ನೇ ಇಲ್ಲಿ ವಿಚಾರಿಸಬೇಕಾಗಿದೆ.

ಹಳೆಯ ಕಾರು ಎಂದರೆ ನಮ್ಮ ಕಡೆ ಎರಡೇ ಹೆಸರು ನಾಲಿಗೆಗೆ ಬರುತ್ತವೆ. ಒಂದು ಅಂಬಾಸಡರ್. ಬ್ರಿಟಿಷರ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಇನ್ನೊಂದು, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ತಯಾರಿಸಿದ ಫಿಯೆಟ್. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಬಂದದ್ದು 1970ರ ದಶಕದಲ್ಲಿ ಚಿತ್ತೋಡದ ರಾಣಿಯ ಹೆಸರು ಹೊತ್ತು ಪದ್ಮಿನಿಯಾಯಿತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ, ಇಪ್ಪತ್ತು ವರ್ಷದ ಮಿತಿ ಮುಗಿದು, 2023ರ ಅಕ್ಟೋಬರ್ ಕೊನೆಯಲ್ಲಿ ರಸ್ತೆಯಿಂದ ಇಳಿಯಿತು. ಪತ್ರಿಕೆಗಳೆಲ್ಲ ಕಣ್ಣೀರಿನ ಬೀಳ್ಕೊಡುಗೆ ಬರೆದವು. ಆದರೆ ನಮ್ಮ ಸಣ್ಣ ಊರುಗಳಲ್ಲಿ, ವಠಾರದ ಹಿಂದೆ, ತೆಂಗಿನ ಗರಿಯ ಚಪ್ಪರದಡಿ, ಇನ್ನೂ ಎಷ್ಟೋ ಪದ್ಮಿನಿಗಳೂ ಅಂಬಾಸಡರುಗಳೂ ಉಸಿರಾಡುತ್ತಿವೆ. ಅವುಗಳಲ್ಲಿ ಹಲವು ಹೆಂಗಸರ ಪಾಲಿಗೆ ಬಂದಿವೆ. ಅಪ್ಪನದು, ಗಂಡನದು, ಮಾವನವರದು ಎಂದು ಉಳಿದುಕೊಂಡು ಬಂದವು.

ಹೀಗೆ ಉಳಿದ ಕಾರಿಗೆ ನಡುಕ ಬಂದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮ ಬೀದಿಯದೇ ಒಂದು ಉದಾಹರಣೆ ಇದೆ. ಗಂಡ ತೀರಿಕೊಂಡ ಮೇಲೆ ಆಕೆಯೇ ಓಡಿಸಲು ಕಲಿತ ಅಂಬಾಸಡರ್ ಅದು. ಐವತ್ತರ ವೇಗ ದಾಟಿದೊಡನೆ ಸ್ಟೀರಿಂಗು ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಮೂರು ಗ್ಯಾರೇಜು ತಿರುಗಿದರು. ಒಬ್ಬರು ಟೈರು ಹಾಕಿಸಿದರು, ಒಬ್ಬರು ಸ್ಟೀರಿಂಗಿನ ಸಾಮಾನು ಬದಲಿಸಿದರು, ಮೂರನೆಯವರು ಇದು ಇನ್ನು ಆಗುವುದಿಲ್ಲ ಎಂದು ಗುಜರಿಯ ಬೆಲೆ ಹೇಳಿದರು. ಆಕೆ ಕೊಟ್ಟುಬಿಟ್ಟರು. ಎರಡು ತಿಂಗಳ ನಂತರ ಅದೇ ಕಾರು ಅದೇ ಊರಿನಲ್ಲಿ ಹೊಸ ಬಣ್ಣ ಬಳಿದುಕೊಂಡು ಮದುವೆ ಮೆರವಣಿಗೆಗೆ ಬಾಡಿಗೆಗೆ ಓಡುತ್ತಿತ್ತು. ಕೊಂಡವನು ಮಾಡಿಸಿದ್ದಿಷ್ಟೇ: ಮುಂದಿನ ಎರಡು ಚಕ್ರಗಳ ರಿಮ್ಮು ತಿದ್ದಿಸಿದ್ದ. ನೆಗಡಿ ಬಂತೆಂದು ಮೂಗು ಕುಯ್ಯಿಸಿಕೊಂಡ ಹಾಗಾಯಿತು. ಅದೂ ಆ ಮೂಗನ್ನು ಇನ್ನೊಬ್ಬ ಅಂಟಿಸಿಕೊಂಡು ಮೆರೆದ!

ಈಗ ಚಕ್ರದ ವಿಷಯಕ್ಕೆ ಬರೋಣ. ಉಕ್ಕಿನ ಚಕ್ರ ನೋಡಲು ಒಂದೇ ತುಂಡಿನಂತಿದ್ದರೂ ಅದು ಎರಡು ಭಾಗಗಳ ಸಂಸಾರ. ಟೈರು ಕೂರುವ ಹೊರಬಳೆಗೆ ರಿಮ್ಮು ಎನ್ನುತ್ತಾರೆ. ಉಕ್ಕಿನ ಪಟ್ಟಿಯನ್ನು ಬಳೆಯಾಗಿ ಬಗ್ಗಿಸಿ, ತುದಿಗಳನ್ನು ಬೆಸೆದು, ಉರುಳೆಗಳ ನಡುವೆ ಹಾಯಿಸಿ ಅದಕ್ಕೆ ಅಂಚು ಬರಿಸುತ್ತಾರೆ. ಒಳಗಿನ ತಟ್ಟೆಯನ್ನು ಡಿಸ್ಕು ಎನ್ನುತ್ತಾರೆ. ಅದನ್ನು ಅಚ್ಚಿನಲ್ಲಿ ಒತ್ತಿ, ನಟ್ಟುಗಳಿಗೆ ತೂತು ಕೊರೆದು, ಹೊರಬಳೆಯೊಳಗೆ ಕೂರಿಸಿ ಬೆಸೆಯುತ್ತಾರೆ. ಗುಂಡಿಗೆ ಬಿದ್ದಾಗ ಸಾಮಾನ್ಯವಾಗಿ ಬಗ್ಗುವುದು ಹೊರಬಳೆಯ ಅಂಚು. ಕಲ್ಲಿಗೆ ಪಕ್ಕದಿಂದ ಜೋರಾಗಿ ಹೊಡೆದರೆ ತಟ್ಟೆಯೂ ಬಗ್ಗಬಹುದು. ಇವೆರಡಕ್ಕೂ ವ್ಯತ್ಯಾಸವಿದೆ. ಅಂಚು ಬಗ್ಗಿದರೆ ಬಹಳ ಸಲ ತಿದ್ದಬಹುದು. ತಟ್ಟೆ ಬಗ್ಗಿದರೆ ಚಕ್ರವನ್ನೇ ಬಿಡುವುದು ಲೇಸು.

ಚಕ್ರದ ದೋಷ ಮೂರು ಬಗೆ. ನಮ್ಮ ಅಡುಗೆಮನೆಯ ಭಾಷೆಯಲ್ಲೇ ಹೇಳುತ್ತೇನೆ. ಚಪಾತಿ ದುಂಡಗೆ ಬಾರದೆ ಒಂದು ಕಡೆ ಉಬ್ಬಿರುವುದು ಮೊದಲನೆಯ ದೋಷ. ಇಂಥ ಚಕ್ರ ಉರುಳುವಾಗ ಕಾರನ್ನು ಎತ್ತೆತ್ತಿ ಹಾಕುತ್ತದೆ. ಹಪ್ಪಳ ಬಿಸಿಲಿಗೆ ಸೊಟ್ಟಗಾಗಿರುವುದು ಎರಡನೆಯದು. ಸುತ್ತಳತೆ ದುಂಡಗೇ ಇದ್ದರೂ ಮೈ ಮಟ್ಟಸವಾಗಿರುವುದಿಲ್ಲ. ಇಂಥ ಚಕ್ರ ಬಾತುಕೋಳಿಯ ಹಾಗೆ ಅತ್ತ ಇತ್ತ ಹೊಯ್ದಾಡುತ್ತದೆ. ರೊಟ್ಟಿ ದುಂಡಗೂ ಇದೆ, ಮಟ್ಟಸವಾಗಿಯೂ ಇದೆ, ಆದರೆ ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ತೆಳು. ಇದು ಮೂರನೆಯ ದೋಷ, ತೂಕದ ದೋಷ. ಬ್ಯಾಲೆನ್ಸಿಂಗ್ ಎಂದು ಎಲ್ಲರೂ ಹೇಳುವುದು ಈ ಮೂರನೆಯದಕ್ಕೆ ಮಾತ್ರ ಮದ್ದು. ಮೊದಲೆರಡಕ್ಕೆ ಅದು ಮದ್ದಲ್ಲ. ಈ ಒಂದು ಮಾತು ನೆನಪಿದ್ದರೆ ನಿಮ್ಮ ಅರ್ಧ ಹಣ ಉಳಿಯಿತೆಂದೇ ತಿಳಿಯಿರಿ.

ತೂಕದ ದೋಷ ಸಣ್ಣದೆಂದು ಮಾತ್ರ ಯಾರೂ ತಿಳಿಯಬಾರದು. ಅಂಬಾಸಡರಿನ ರಿಮ್ಮು 15 ಅಂಗುಲದ್ದು. ಅದರ ಅಂಚಿನಲ್ಲಿ ಒಂದು ಕಡೆ ಬರೀ 50 ಗ್ರಾಂ ಹೆಚ್ಚಿದೆ ಎಂದಿಟ್ಟುಕೊಳ್ಳಿ. ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಆ ಚಕ್ರ ಸೆಕೆಂಡಿಗೆ ಸುಮಾರು ಹನ್ನೊಂದು ಸುತ್ತು ತಿರುಗುತ್ತದೆ. ಆಗ ಆ 50 ಗ್ರಾಂ ಹೊರಕ್ಕೆ ಎಳೆಯುವ ಬಲ ನಾಲ್ಕು ಕೆ.ಜಿ.ಗೂ ಮಿಕ್ಕಿರುತ್ತದೆ. ಎಂದರೆ ನಾಲ್ಕು ಕೆ.ಜಿ. ಭಾರದ ಪೆಟ್ಟು ಸೆಕೆಂಡಿಗೆ ಹನ್ನೊಂದು ಸಲ. ಅದೇ 40ರ ವೇಗದಲ್ಲಿ ಆ ಬಲ ಒಂದು ಕೆ.ಜಿ.ಯ ಆಸುಪಾಸಿಗೆ ಇಳಿಯುತ್ತದೆ. ವೇಗ ಇಮ್ಮಡಿಯಾದರೆ ಪೆಟ್ಟು ನಾಲ್ಮಡಿ. ಊರೊಳಗೆ ಸುಮ್ಮನಿರುವ ಕಾರು ಹೆದ್ದಾರಿಗೆ ಬಂದೊಡನೆ ದೆವ್ವ ಹಿಡಿದಂತೆ ನಡುಗುವುದು ಇದಕ್ಕೇ. ಈ ಪೆಟ್ಟನ್ನೆಲ್ಲ ತಿನ್ನುವುದು ಬೇರಿಂಗು, ಸ್ಟೀರಿಂಗಿನ ಕೀಲುಗಳು, ಶಾಕ್ ಅಬ್ಸಾರ್ಬರು, ಟೈರು, ಕೊನೆಗೆ ನಮ್ಮ ಭುಜ.

ಮದ್ದು ಸುಲಭ. ಚಕ್ರವನ್ನು ಯಂತ್ರಕ್ಕೆ ಹಾಕಿ ತಿರುಗಿಸಿದರೆ ಎಲ್ಲಿ ಎಷ್ಟು ಗ್ರಾಂ ಕಡಿಮೆ ಇದೆ ಎಂದು ಅದೇ ಹೇಳುತ್ತದೆ. ಅಲ್ಲಿ ಅಷ್ಟು ತೂಕದ ತುಂಡನ್ನು ರಿಮ್ಮಿನ ಅಂಚಿಗೆ ಕಚ್ಚಿಸುತ್ತಾರೆ. ಒಳಗಿನ ಅಂಚಿಗೊಂದು, ಹೊರಗಿನ ಅಂಚಿಗೊಂದು, ಹೀಗೆ ಎರಡೂ ಕಡೆ ಹೊಂದಿಸಬೇಕು. ಹಿಂದಿನಿಂದಲೂ ಈ ತುಂಡು ಸೀಸದ್ದು. ಸೀಸ ವಿಷ, ಅದರಲ್ಲೂ ಮಕ್ಕಳಿಗೆ. ಐರೋಪ್ಯ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ 2005ರಿಂದಲೇ ಸೀಸದ ತುಂಡು ಹಾಕುವಂತಿಲ್ಲ. ಉಕ್ಕಿನದೂ ಸತುವಿನದೂ ಬಂದಿವೆ. ಕೇಳಿ ಹಾಕಿಸಿಕೊಳ್ಳಿ. ಉದುರಿಬಿದ್ದ ಹಳೆಯ ಸೀಸದ ತುಂಡನ್ನು ಮಕ್ಕಳ ಆಟಕ್ಕೆ ಬಿಡಬೇಡಿ.

ಇಲ್ಲಿಯತನಕ ನನಗೆ ಯಾರ ಮೇಲೂ ಜಗಳವಿಲ್ಲ. ಜಗಳ ಇನ್ನು ಮುಂದೆ. ಬಗ್ಗಿದ ರಿಮ್ಮನ್ನು ಯಂತ್ರಕ್ಕೆ ಹಾಕಿ, ಅದಕ್ಕೂ ತೂಕದ ತುಂಡು ಕಚ್ಚಿಸಿ, ಯಂತ್ರದಲ್ಲಿ ಸೊನ್ನೆ ತೋರಿಸಿ, ಹಣ ಎಣಿಸಿಕೊಳ್ಳುವ ಒಂದು ಪದ್ಧತಿ ಬೆಳೆದುಬಿಟ್ಟಿದೆ. ಯಂತ್ರದ ಸೊನ್ನೆ ಸುಳ್ಳಲ್ಲ. ಅದರಿಂದ ನಮಗೆ ಹೇಳುವ ಮಾತು ಸುಳ್ಳು. ಯಂತ್ರದ ಮೇಲೆ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಅಲ್ಲಿ ನೆಲವೂ ಇಲ್ಲ, ಕಾರಿನ ಭಾರವೂ ಇಲ್ಲ. ಸೊಟ್ಟ ಚಕ್ರಕ್ಕೂ ತೂಕ ಸೇರಿಸಿ ಸೊನ್ನೆ ಬರಿಸಬಹುದು. ಅದೇ ಚಕ್ರ ನೆಲಕ್ಕೆ ಬಂದು ಕಾರಿನ ಭಾರ ಹೊತ್ತು ಉರುಳಿದಾಗ, ಮೂರು ಮಿಲಿಮೀಟರ್ ಉಬ್ಬಿದ್ದರೆ ಮೂರು ಮಿಲಿಮೀಟರ್ ಎತ್ತಿಯೇ ಎತ್ತುತ್ತದೆ. ಸೀಸ ಅದನ್ನು ತಡೆಯಲಾರದು. ಕುಂಟುವವನ ಜೇಬಿಗೆ ಕಲ್ಲು ತುಂಬಿದರೆ ಕುಂಟು ಹೋದೀತೇ?

ನಮ್ಮ ಮನೆಯ ಪದ್ಮಿನಿಗೆ ಇದೇ ಚಿಕಿತ್ಸೆ ನಡೆಯಿತು. ಒಂದು ದೊಡ್ಡ ಅಂಗಡಿಯಲ್ಲಿ, ಗಾಜಿನ ಕೋಣೆಯಲ್ಲಿ ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ಒಂದೇ ಚಕ್ರಕ್ಕೆ ಐದು ತುಂಡು ಕಚ್ಚಿಸಿ ಕೊಟ್ಟರು. ಹಾರಕ್ಕೆ ಪದಕ ಪೋಣಿಸಿದಂತಿತ್ತು. ಇಷ್ಟೊಂದು ಯಾಕೆ ಬೇಕಾಯಿತು ಎಂದು ಕೇಳಿದೆ. ಕಂಪ್ಯೂಟರ್ ಹೇಳಿದೆ ಮೇಡಂ ಎಂದರು. ಕಂಪ್ಯೂಟರು ಹೇಳಿದ್ದು ತೂಕದ ಮಾತು, ನಾನು ಕೇಳಿದ್ದು ಕಾರಣದ ಮಾತು. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಉತ್ತರವನ್ನೂ ಉತ್ತರದಂತೆ ಕಾಣುವುದನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಎದುರಿಗೇ ಚಕ್ರ ತಿರುಗಿಸಿ ತೋರಿಸಿ ಎಂದೆ. ಒಳಗೆ ಹೆಂಗಸರು ಬರುವಂತಿಲ್ಲ, ಇನ್ಶೂರೆನ್ಸ್ ತೊಂದರೆ ಎಂದರು. ನಮ್ಮ ಜೊತೆ ಬಂದಿದ್ದ ಹತ್ತನೇ ಕ್ಲಾಸಿನ ಹುಡುಗ ಮಾತ್ರ ಒಳಗೆ ಓಡಾಡಿಕೊಂಡಿದ್ದ. ಅವನಿಗೆ ಯಾವ ಇನ್ಶೂರೆನ್ಸೂ ಅಡ್ಡ ಬರಲಿಲ್ಲ.

ಆದ್ದರಿಂದ, ಗೆಳತಿಯರೇ, ಅಂಗಡಿಗೆ ಹೋಗುವ ಮೊದಲೇ ಚಕ್ರವನ್ನು ಮನೆಯಲ್ಲಿ ಪರೀಕ್ಷಿಸಿ. ಯಾವ ಯಂತ್ರವೂ ಬೇಡ. ಮಟ್ಟಸವಾದ ಗಟ್ಟಿ ನೆಲದಲ್ಲಿ ಕಾರು ನಿಲ್ಲಿಸಿ, ಕೈಬ್ರೇಕು ಎಳೆದು, ಹಿಂದಿನ ಚಕ್ರಗಳಿಗೆ ಮುಂದೊಂದು ಹಿಂದೊಂದು ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ನೆಲ ಬಿಡುವಷ್ಟು ಜಾಕು ಎತ್ತಿ. ಕಾರಿನ ಕೆಳಗೆ ತಲೆಯಾಗಲಿ ಕೈಯಾಗಲಿ ಹಾಕಕೂಡದು, ಮಕ್ಕಳನ್ನು ಹತ್ತಿರ ಬಿಡಕೂಡದು. ಎರಡು ಇಟ್ಟಿಗೆ ಪೇರಿಸಿ, ಅದರ ಮೇಲೆ ಒಂದು ಪೆನ್ಸಿಲನ್ನು ರಿಮ್ಮಿನ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿ ಇಟ್ಟು, ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಪೆನ್ಸಿಲಿಗೂ ಅಂಚಿಗೂ ನಡುವಿನ ಸಂದು ಒಂದೇ ಸಮ ಇದ್ದರೆ ರಿಮ್ಮು ಸರಿ. ಸಂದು ಹಿಗ್ಗಿ ಕುಗ್ಗಿದರೆ ಡೊಂಕು. ಪೆನ್ಸಿಲನ್ನು ಪಕ್ಕದಲ್ಲಿಟ್ಟು ಹಪ್ಪಳದ ದೋಷ ನೋಡಿ, ಅಂಚಿನ ಕೆಳಗಿಟ್ಟು ಚಪಾತಿಯ ದೋಷ ನೋಡಿ. ಹಳೆಯ ಉಕ್ಕಿನ ಚಕ್ರದಲ್ಲಿ ಒಂದು, ಒಂದೂವರೆ ಮಿಲಿಮೀಟರಿನ ತನಕ ಏರುಪೇರಿದ್ದರೆ ಸಾಮಾನ್ಯವಾಗಿ ಸಹಿಸಬಹುದು. ಅದಕ್ಕೆ ಮೇಲ್ಪಟ್ಟರೆ ತಿದ್ದಬೇಕು. ಗ್ಯಾರೇಜಿನಲ್ಲಿ ಇದೇ ಕೆಲಸಕ್ಕೆ ಮುಳ್ಳಿರುವ ಡಯಲ್ ಗೇಜು ಇರುತ್ತದೆ. ಇರಬೇಕು.

ಪರೀಕ್ಷೆ ಅಲ್ಲಿಗೇ ಮುಗಿಯುವುದಿಲ್ಲ. ರಿಮ್ಮು ಸರಿಯಿದ್ದು ಟೈರಿನ ಮೈ ಮಾತ್ರ ಏರಿಳಿದರೆ ತಪ್ಪು ಟೈರಿನದು. ತಿಂಗಳುಗಟ್ಟಲೆ ನಿಂತಲ್ಲೇ ನಿಂತ ಕಾರಿನ ಟೈರು ನೆಲ ತಾಗಿದ ಕಡೆ ಚಪ್ಪಟೆಯಾಗಿರುತ್ತದೆ. ಡೊಂಕು ಕಂಡರೆ ಅದು ಚಕ್ರದ್ದೋ ಅಥವಾ ಚಕ್ರ ಕೂತಿರುವ ಹಬ್ಬಿನದೋ ಎಂದು ಕೂಡ ನೋಡಬೇಕು. ಆ ಜಾಗಕ್ಕೆ ಸ್ಟೆಪ್ನಿ ಹಾಕಿ ತಿರುಗಿಸಿ. ಸ್ಟೆಪ್ನಿ ಸರಿಯಾಗಿ ತಿರುಗಿದರೆ ತಪ್ಪು ಚಕ್ರದ್ದು, ಅದೂ ಹೊಯ್ದಾಡಿದರೆ ತಪ್ಪು ಹಬ್ಬಿನದು. ಎಷ್ಟೋ ಸಲ ಎರಡೂ ಅಲ್ಲ. ಹಬ್ಬಿಗೂ ಚಕ್ರಕ್ಕೂ ನಡುವೆ ತುಕ್ಕಿನ ಹಕ್ಕಳೆಯೋ ಬಣ್ಣದ ದಪ್ಪ ಪದರವೋ ಕೂತು ಚಕ್ರ ಓರೆಯಾಗಿರುತ್ತದೆ. ತಂತಿಯ ಬ್ರಷ್ಷಿನಿಂದ ಐದು ನಿಮಿಷ ಉಜ್ಜಿದರೆ ಸಾಕು. ಇದಕ್ಕೆ ಖರ್ಚಿಲ್ಲ, ಆದ್ದರಿಂದಲೇ ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಮತ್ತೆ ನಟ್ಟು ಬಿಗಿಯುವಾಗ ಸಾಲಾಗಿ ಬಿಗಿಯದೆ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು.

ನಮ್ಮ ಹಳೆಯ ಕಾರುಗಳಲ್ಲಿ ಇನ್ನೊಂದು ಮೋಸ ಅಡಗಿದೆ. ಈಗಿನ ಕಾರಿನ ಟ್ಯೂಬಿಲ್ಲದ ಟೈರಿನಲ್ಲಿ ರಿಮ್ಮಿನ ಅಂಚು ಬಗ್ಗಿದರೆ ಅಲ್ಲಿಂದ ಗಾಳಿ ಸೋರುತ್ತದೆ, ತಪ್ಪು ತಾನಾಗಿ ಬಯಲಾಗುತ್ತದೆ. ಹಳೆಯದರಲ್ಲಿ ಒಳಗೆ ಟ್ಯೂಬು ಇರುವುದರಿಂದ ಅಂಚು ಎಷ್ಟೇ ಬಗ್ಗಿದ್ದರೂ ಗಾಳಿ ನಿಲ್ಲುತ್ತದೆ. ಸಂಸಾರದ ನೋವನ್ನು ಹೊರಗೆ ಹೇಳಿಕೊಳ್ಳದ ಹೆಣ್ಣಿನ ಹಾಗೆ ಅದು ಒಳಗೇ ನವೆಯುತ್ತದೆ. ನಡುಕವೊಂದೇ ಅದರ ಮಾತು. ಆ ಮಾತನ್ನೂ ಕೇಳದೆ ವಯಸ್ಸಾಯಿತು ಎನ್ನುವುದು ಯಾವ ನ್ಯಾಯ?

ಡೊಂಕು ಖಚಿತವಾದ ಮೇಲೆ ತಿದ್ದುವ ಬಗೆ. ಇಲ್ಲಿಯೂ ಒಂದು ಅನಾಚಾರವಿದೆ: ಗ್ಯಾಸಿನ ಜ್ವಾಲೆ ಹಿಡಿದು ರಿಮ್ಮನ್ನು ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ಬಡಿಯುವುದು. ಈ ಬುದ್ಧಿ ಎಲ್ಲಿಂದ ಬಂತೆಂದು ನಾನು ಊಹಿಸಬಲ್ಲೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನಮ್ಮ ವಯಸ್ಸಿನವರು ನೋಡಿದ್ದೇವೆ. ಬೆರಣಿಯ ಬೆಂಕಿಯಲ್ಲಿ ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರು ಹುಯ್ದರೆ ಅದು ಕುಗ್ಗಿ ಚಕ್ರವನ್ನು ಅಪ್ಪಿ ಹಿಡಿಯುತ್ತಿತ್ತು. ಬಡಗಿ ಕಮ್ಮಾರರ ಆ ವಿದ್ಯೆಗೆ ಕೈ ಮುಗಿಯಬೇಕು. ಆದರೆ ಅಲ್ಲಿ ಬೆಂಕಿಯ ಕೆಲಸ ಹಿಗ್ಗಿಸುವುದು, ಡೊಂಕು ತಿದ್ದುವುದಲ್ಲ. ಕಾರಿನ ರಿಮ್ಮು ತೆಳು ಉಕ್ಕಿನದು. ಒಂದೇ ಕಡೆ ಕೆಂಪಗೆ ಕಾಯಿಸಿದರೆ ಅಲ್ಲಿ ಉಕ್ಕಿನ ಗುಣ ಬದಲಾಗುತ್ತದೆ, ಪಕ್ಕದ ಬೆಸುಗೆಗೂ ಪೆಟ್ಟು. ಆಮೇಲೆ ಸಣ್ಣ ಗುಂಡಿಗೂ ಅದೇ ಜಾಗ ಮತ್ತೆ ಬಗ್ಗುತ್ತದೆ.

ಸರಿಯಾದ ದಾರಿ ತಣ್ಣಗಿನ ದಾರಿ. ಟೈರು ಬಿಚ್ಚಿ, ರಿಮ್ಮನ್ನು ತೊಳೆದು ತುಕ್ಕು ಕೆರೆದು, ಬಿರುಕಿದೆಯೇ ಎಂದು ಬೆಳಕಿನಲ್ಲಿ ನೋಡಬೇಕು. ಬಗ್ಗಿದ ಜಾಗಕ್ಕೆ ಸುಣ್ಣದ ಕಡ್ಡಿಯಿಂದ ಗುರುತು ಮಾಡಬೇಕು. ತಿರುಗುವ ಯಂತ್ರದಲ್ಲಿ ಕೂರಿಸಿ, ಹೈಡ್ರಾಲಿಕ್ ಜಾಕಿನಿಂದಲೋ ಉರುಳೆಯಿಂದಲೋ ಸ್ವಲ್ಪ ಒತ್ತುವುದು, ತಿರುಗಿಸಿ ಅಳೆಯುವುದು, ಮತ್ತೆ ಸ್ವಲ್ಪ ಒತ್ತುವುದು. ಅಂಚಿನ ಸಣ್ಣ ಮಡಿಕೆಯಾದರೆ ಮರದ ತುಂಡು ಅಡ್ಡ ಕೊಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದೂ ತಿದ್ದಬಹುದು. ಅವಸರಕ್ಕೆ ಇಲ್ಲಿ ಜಾಗವಿಲ್ಲ. ತಿದ್ದಿದ ಮೇಲೆ ತುಕ್ಕು ಹಿಡಿಯದಂತೆ ಬಣ್ಣ ಕೊಡಬೇಕು. ನಟ್ಟು ಕೂರುವ ಜಾಗಕ್ಕೆ ಮಾತ್ರ ಬಣ್ಣ ದಪ್ಪಗೆ ಬಳಿಯಬಾರದು. ಬಳಿದರೆ ನಾಲ್ಕು ದಿನದಲ್ಲಿ ಆ ಬಣ್ಣ ಸವೆದು ನಟ್ಟು ಸಡಿಲವಾಗುತ್ತದೆ. ಇಷ್ಟೆಲ್ಲ ಆದ ಮೇಲೆ ಟೈರು ಹಾಕಿ, ಕಟ್ಟಕಡೆಗೆ ಬ್ಯಾಲೆನ್ಸಿಂಗ್. ಅದು ಪಾಯಸಕ್ಕೆ ಹಾಕುವ ಏಲಕ್ಕಿ. ಅಕ್ಕಿ ಬೇಯದಿದ್ದರೆ ಏಲಕ್ಕಿಯಿಂದ ಪಾಯಸವಾಗುವುದಿಲ್ಲ.

ಬ್ಯಾಲೆನ್ಸಿಂಗ್ ಮಾಡುವಾಗಲೂ ಒಂದು ಸೂಕ್ಷ್ಮವಿದೆ. ಈಗಿನ ಯಂತ್ರಗಳು ಚಕ್ರದ ನಡುವಿನ ದೊಡ್ಡ ತೂತನ್ನು ಹಿಡಿದು ತಿರುಗಿಸುತ್ತವೆ. ಹಳೆಯ ಎಷ್ಟೋ ಚಕ್ರಗಳಲ್ಲಿ ಆ ತೂತು ಕರಾರುವಾಕ್ಕಾಗಿರುವುದಿಲ್ಲ. ಕಾರಿನಲ್ಲಿ ಚಕ್ರ ನೆಟ್ಟಗೆ ಕೂರುವುದು ನಟ್ಟುಗಳ ಓರೆ ಮುಖದ ಮೇಲೆ. ನಡುವಿನ ತೂತನ್ನು ನಂಬಿ ತೂಗಿದರೆ ತಪ್ಪು ಕೇಂದ್ರದ ಸುತ್ತ ತೂಗಿದಂತಾಯಿತು. ನಟ್ಟಿನ ತೂತುಗಳನ್ನು ಹಿಡಿಯುವ ಬೇರೆ ತಟ್ಟೆ ಯಂತ್ರಕ್ಕೆ ಸಿಗುತ್ತದೆ. ಅದು ಇದೆಯೇ ಎಂದು ಕೇಳಿ. ಕೇಳಿದ ಮಾತ್ರಕ್ಕೆ ಅಂಗಡಿಯವರ ಧಾಟಿ ಬದಲಾಗುವುದನ್ನು ನೀವೇ ನೋಡುವಿರಿ.

ಎಲ್ಲ ಚಕ್ರವನ್ನೂ ಉಳಿಸಲೇಬೇಕೆಂಬ ಹಟ ನನಗಿಲ್ಲ. ಬಿರುಕು ಬಿಟ್ಟ ರಿಮ್ಮು, ನಟ್ಟಿನ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದ ತಟ್ಟೆ, ತುಕ್ಕು ತಿಂದು ಗುಳಿಬಿದ್ದ ಅಂಚು, ಇವಕ್ಕೆ ಬೆಸುಗೆ ಹಾಕಿ ಓಡಿಸುವುದು ಜೀವದ ಜೊತೆ ಆಡುವ ಆಟ. ಅಂಥವನ್ನು ಗುಜರಿಗೆ ಕೊಡಬೇಕು, ಅದೂ ಯಾರೂ ಮತ್ತೆ ಬಳಸದಂತೆ ಕತ್ತರಿಸಿ. ಆ ಜಾಗಕ್ಕೆ ಒಳ್ಳೆಯ ಹಳೆಯ ಚಕ್ರವೊಂದನ್ನು ಹುಡುಕಿ, ಪೆನ್ಸಿಲ್ ಪರೀಕ್ಷೆ ಮಾಡಿಯೇ ಕೊಳ್ಳಬೇಕು. ತಿದ್ದುವುದು ಯಾವುದು, ಬಿಡುವುದು ಯಾವುದು ಎಂಬ ವಿವೇಚನೆಯೇ ಇಲ್ಲಿ ಮುಖ್ಯ. ಎಲ್ಲವನ್ನೂ ಬಡಿದು ಸರಿಮಾಡುತ್ತೇನೆ ಎನ್ನುವವನೂ, ಎಲ್ಲವನ್ನೂ ಬಿಸಾಕಿ ಎನ್ನುವವನೂ ನನ್ನ ಕಣ್ಣಿಗೆ ಒಂದೇ. ಇಬ್ಬರೂ ಚಕ್ರವನ್ನು ನೋಡಿಲ್ಲ.

ಇನ್ನು ಅಲಾಯ್ ಚಕ್ರದ ಮೋಹ. ಹಳೆಯ ಕಾರು ಕಂಡೊಡನೆ, ಈ ತಗಡು ಬಿಸಾಕಿ ಅಲಾಯ್ ಹಾಕಿಸಿ ಎಂದು ಸಲಹೆ ಕೊಡುವ ಹುಡುಗರು ಪ್ರತಿ ಅಂಗಡಿಯಲ್ಲೂ ಇದ್ದಾರೆ. ಅಲಾಯ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದಕ್ಕೆಂದೇ ಮಾಡಿದ ಕಾರಿಗೆ ಅದು ಒಳ್ಳೆಯದೇ. ಆದರೆ ಉಕ್ಕಿಗೆ ಒಂದು ಗುಣವಿದೆ. ಅದು ಮುರಿಯುವ ಮೊದಲು ಬಗ್ಗುತ್ತದೆ, ಬಗ್ಗಿ ಎಚ್ಚರಿಕೆ ಕೊಡುತ್ತದೆ, ತಿದ್ದಿಸಿಕೊಳ್ಳುತ್ತದೆ. ಎರಕದ ಅಲಾಯ್ ದೊಡ್ಡ ಪೆಟ್ಟಿಗೆ ಸೀಳುವ ಸಂಭವ ಹೆಚ್ಚು. ಮೇಲಾಗಿ ನಟ್ಟುಗಳ ನಡುವಿನ ಅಂತರ, ಚಕ್ರ ಒಳಕ್ಕೆ ಎಷ್ಟು ಹೊರಕ್ಕೆ ಎಷ್ಟು ಚಾಚಬೇಕೆಂಬ ಲೆಕ್ಕ, ಹೊರುವ ಭಾರ, ಇವೆಲ್ಲ ಆಯಾ ಕಾರಿಗೆ ಹೊಂದಬೇಕು. ಹೊಂದದ ಚಕ್ರವನ್ನು ಒತ್ತಾಯದಿಂದ ಕೂರಿಸಿದರೆ ಬೇರಿಂಗೂ ಸ್ಟೀರಿಂಗೂ ಅನುಭವಿಸುತ್ತವೆ. ಕಾಲಿಗೆ ಹೊಂದದ ಚಪ್ಪಲಿ ಎಷ್ಟು ಚೆಂದವಿದ್ದರೇನು?

ಇದೆಲ್ಲ ಹಣವಂತರ ಹವ್ಯಾಸ, ನಮಗೇಕೆ ಎನ್ನುವವರಿಗೂ ಒಂದು ಮಾತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ಎಂದು ಬೇರೆ ನೋಂದಣಿಯ ನಿಯಮ ತಂದಿತು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಂಥ ಕಾರನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅದು ಪ್ರದರ್ಶನದ, ರ‍್ಯಾಲಿಯ ಲೋಕ. ನಾನು ಹೇಳುತ್ತಿರುವುದು ಆ ಲೋಕದ ಮಾತಲ್ಲ. ಹದಿನೈದು ವರ್ಷ ಮುಗಿದು, ಐದೈದು ವರ್ಷಕ್ಕೊಮ್ಮೆ ಆರ್.ಟಿ.ಓ. ಮುಂದೆ ನಿಂತು ನೋಂದಣಿ ನವೀಕರಿಸಿಕೊಂಡು, ಅಮ್ಮನನ್ನು ಡಾಕ್ಟರ ಹತ್ತಿರ ಕರೆದೊಯ್ಯುವ, ತವರಿಗೆ ಹೋಗಿ ಬರುವ ಕಾರಿನ ಮಾತು. ಇದರ ಹಿಂದಿನ ಸೀಟಿನಲ್ಲಿ ಕೂರುವವರು ಮಕ್ಕಳು, ಮುದುಕರು. ಸಡಿಲ ನಟ್ಟು, ಬಿರುಕು ತಟ್ಟೆ, ಕೈ ಕಿತ್ತುಕೊಳ್ಳುವ ಸ್ಟೀರಿಂಗು, ಇವು ಹವ್ಯಾಸದ ಪ್ರಶ್ನೆಗಳಲ್ಲ.

ಮೆಕ್ಯಾನಿಕ್‌ಗಳ ಪಕ್ಷವನ್ನೂ ಕೇಳಬೇಕು. ಕೈಚಳಕದ ಹಳೆಯ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇದ್ದಾರೆ. ರಿಮ್ಮು ತಿದ್ದಲು ಅರ್ಧ ದಿನ ಬೇಕು, ಅದಕ್ಕೆ ಕೂಲಿ ಕೊಡುವವರಿಲ್ಲ, ತುಂಡು ಕಚ್ಚಿಸಲು ಹತ್ತು ನಿಮಿಷ ಸಾಕು, ಅದಕ್ಕೆ ಹಣ ತಕ್ಷಣ ಸಿಗುತ್ತದೆ. ತಪ್ಪು ಅವರೊಬ್ಬರದೇ ಅಲ್ಲ. ಹೂವಿನ ಕುಚ್ಚು ಕಟ್ಟಿದ ರವಿಕೆಗೆ ಕೇಳಿದಷ್ಟು ಹೊಲಿಗೆ ಕೂಲಿ ಕೊಡುವ ನಾವು, ಪ್ರಾಣ ಹೊರುವ ಚಕ್ರದ ಕೂಲಿಗೆ ಚೌಕಾಸಿ ಮಾಡುತ್ತೇವೆ. ಗುಂಡಿ ಮುಚ್ಚದ, ರಾತ್ರೋರಾತ್ರಿ ಗುರುತಿಲ್ಲದ ಉಬ್ಬು ಎಬ್ಬಿಸುವ ರಸ್ತೆಯವರ ಪಾಲೂ ಇದರಲ್ಲಿ ಸಾಕಷ್ಟಿದೆ. ರಸ್ತೆ ಡೊಂಕು ಎನ್ನುವುದು ಸುಳ್ಳಲ್ಲ. ಆದರೆ ರಸ್ತೆ ಚಕ್ರವನ್ನು ಡೊಂಕು ಮಾಡಿತು ಎಂದ ಮೇಲೆ, ಚಕ್ರ ಡೊಂಕಾಗಿದೆ ಎಂದು ಒಪ್ಪಿ ತಿದ್ದಬೇಕಲ್ಲವೇ? ಕಾರಣ ಹೇಳಿದರೆ ಕೆಲಸ ಮುಗಿದಂತೆಯೇ?

ಆದ್ದರಿಂದ ನನ್ನ ತಕರಾರು ಇಷ್ಟು. ಬ್ಯಾಲೆನ್ಸಿಂಗಿಗೆ ಮೊದಲು ಚಕ್ರವನ್ನು ಗಿರಾಕಿಯ ಕಣ್ಣೆದುರು ತಿರುಗಿಸಿ ಡೊಂಕು ಇದೆಯೋ ಇಲ್ಲವೋ ತೋರಿಸಬೇಕು. ಎಷ್ಟು ಗ್ರಾಂ ಹಾಕಿದರು, ಎಷ್ಟು ಮಿಲಿಮೀಟರ್ ಡೊಂಕಿತ್ತು ಎಂಬುದನ್ನು ಬಿಲ್ಲಿನಲ್ಲಿ ಬರೆಯಬೇಕು. ಹೆಚ್ಚು ತೂಕ ಬೇಕೆಂದು ಯಂತ್ರ ಹೇಳಿದರೆ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ತಿರುಗಿಸಿ ಕೂರಿಸಿ ಇನ್ನೊಮ್ಮೆ ನೋಡಬೇಕು. ಕಾಯಿಸಿ ಬಡಿಯುವುದನ್ನು ನಿಲ್ಲಿಸಬೇಕು. ಗಾಜಿನ ಕೋಣೆಯ ಬಾಗಿಲು ಹೆಂಗಸರಿಗೂ ತೆರೆಯಬೇಕು. ಐ.ಟಿ.ಐ.ಗಳಲ್ಲಿ ಮೋಟಾರು ವಾಹನದ ಮೆಕ್ಯಾನಿಕ್ ವಿಭಾಗಕ್ಕೆ ಹುಡುಗಿಯರೂ ಸೇರಬಹುದು. ಎಸ್.ಎಸ್.ಎಲ್.ಸಿ. ಮುಗಿದ ಮಗಳಿಗೆ ಅದರ ಅರ್ಜಿಯನ್ನೂ ತಂದುಕೊಡುವ ತಾಯಂದಿರು ನಮ್ಮಲ್ಲಿ ಹೆಚ್ಚಬೇಕು.

ನಾವು ಮಾಡಬೇಕಾದ್ದೂ ದೊಡ್ಡದೇನಲ್ಲ. ಎರಡು ಇಟ್ಟಿಗೆ, ಒಂದು ಪೆನ್ಸಿಲು, ಅರ್ಧ ಗಂಟೆ. ಅಷ್ಟಾದ ಮೇಲೆ ಅಂಗಡಿಗೆ ಹೋಗಿ, ಎಡಗಡೆಯ ಮುಂದಿನ ಚಕ್ರ ಪಕ್ಕಕ್ಕೆ ಮೂರು ಮಿಲಿಮೀಟರ್ ಹೊಯ್ದಾಡುತ್ತದೆ, ಹಬ್ಬು ಸರಿಯಿದೆ, ನೋಡಿದ್ದೇನೆ ಎಂದು ಹೇಳಿ. ಹಾಗೆ ಹೇಳಿದವಳಿಗೆ ರಸ್ತೆ ಸರಿ ಇಲ್ಲ ಮೇಡಂ ಎಂದು ಉತ್ತರ ಕೊಡುವ ಧೈರ್ಯ ಯಾವ ಅಂಗಡಿಯವನಿಗೂ ಬರಲಾರದು.